ಪೈಲಟ್‌ಗೆ ಹೊಸ ಆಫರ್ ಬಂದಾಗ: ಸಂಬಳ ನೋಡುವ ಮೊದಲು ಎಡ ಸೀಟಿನ ಲೆಕ್ಕ ಹಾಕಿ

"ಇನ್ನೊಂದು ಏರ್‌ಲೈನ್ ಕರೀತಿದೆ. ತಿಂಗಳಿಗೆ ಜಾಸ್ತಿ ಕೊಡ್ತಾರಂತೆ. ಹೋಗಲಾ ಬೇಡ್ವಾ?" ಫಸ್ಟ್ ಆಫೀಸರ್‌ಗಳು ಈ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇದ್ದಾರೆ. ಕೆಲವು ಸಲ ಕೇಳುವವರು ಅವರ ಅಪ್ಪ ಅಮ್ಮ. ಮಗಳನ್ನೋ ಮಗನನ್ನೋ ಪೈಲಟ್ ಮಾಡಲು ಮನೆ ಅಡವಿಟ್ಟು ಸಾಲ ಮಾಡಿದವರು. ಅವರಿಗೆಲ್ಲ ಒಟ್ಟಿಗೆ ಉತ್ತರ ಕೊಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ಕಾಕ್‌ಪಿಟ್‌ನ ಎಡ ಸೀಟಿನಲ್ಲಿ ಕ್ಯಾಪ್ಟನ್, ಬಲ ಸೀಟಿನಲ್ಲಿ ಫಸ್ಟ್ ಆಫೀಸರ್ ಕೂರುತ್ತಾರೆ. ಬಲದಿಂದ ಎಡಕ್ಕೆ ಹೋಗುವುದನ್ನು ಕಮಾಂಡ್ ಅಪ್‌ಗ್ರೇಡ್ ಅನ್ನುತ್ತಾರೆ. ಪೈಲಟ್ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಬಡ್ತಿ ಇಲ್ಲ. ಸಂಬಳ ಸುಮಾರು ಎರಡು ಪಟ್ಟಾಗುತ್ತದೆ. ಅದಕ್ಕೂ ಮುಖ್ಯವಾಗಿ, ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳು ಲಾಗ್‌ಬುಕ್‌ಗೆ ಸೇರುತ್ತವೆ. ಮುಂದೆ ಯಾವ ಏರ್‌ಲೈನ್‌ಗೆ ಹೋದರೂ ಆ ಗಂಟೆಗಳಿಗೆ ಬೆಲೆ ಇದೆ. ಹಾಗಾಗಿ ಆಫರ್ ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಕಾಗದಕ್ಕೆ ಸಹಿ ಹಾಕಿದರೆ ನಾನು ಎಡ ಸೀಟಿಗೆ ಯಾವ ವರ್ಷ ಹೋಗುತ್ತೇನೆ? ಹಾಕದಿದ್ದರೆ ಯಾವ ವರ್ಷ?

ಕೂರುವ ಮೊದಲು ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದವು

ಈಗಿನ ಕೆಲಸದ ಕರಾರು, ಬಾಂಡ್ ಪತ್ರ, ಇವತ್ತಿನವರೆಗೆ ತುಂಬಿದ ಲಾಗ್‌ಬುಕ್, ಲೈಸೆನ್ಸ್ ಮತ್ತು ಕ್ಲಾಸ್ 1 ಮೆಡಿಕಲ್ (ಪೈಲಟ್‌ಗೆ ಬೇಕಾದ ಆರೋಗ್ಯ ಪ್ರಮಾಣಪತ್ರ) ಮುಗಿಯುವ ದಿನಾಂಕ, ಸಾಲದ ಕಂತಿನ ವಿವರ, ಮತ್ತು ನಿಮ್ಮ ಕಂಪನಿಯ ಸೀನಿಯಾರಿಟಿ ಪಟ್ಟಿಯಲ್ಲಿ ನಿಮ್ಮ ನಂಬರ್. ಕೊನೆಯದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಕೇಳಿ ತಿಳಿದುಕೊಳ್ಳಿ.

ಹಂತ 1: ಆಫರ್ ಲೆಟರ್ ಸಾಲದು, ಪೂರ್ತಿ ಕರಾರು ತರಿಸಿ

ಆಫರ್ ಲೆಟರ್ ಎರಡು ಪುಟ ಇರುತ್ತದೆ. ಕರಾರು ಇಪ್ಪತ್ತು ಮೂವತ್ತು ಪುಟ ಇರಬಹುದು. ನಿಮ್ಮನ್ನು ಕಟ್ಟಿಹಾಕುವುದು ಎರಡನೆಯದು. ಅದನ್ನು ಜಾಯಿನ್ ಆಗುವ ದಿನ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಅಷ್ಟು ಹೊತ್ತಿಗೆ ನೀವು ಹಳೆ ಕೆಲಸಕ್ಕೆ ರಾಜೀನಾಮೆ ಕೊಟ್ಟಿರುತ್ತೀರಿ. ಹಿಂದೆ ಹೋಗಲು ದಾರಿ ಇರುವುದಿಲ್ಲ.

ಓದುವಾಗ ಒಂದು ಸಾಲಿನ ಮೇಲೆ ಕಣ್ಣಿಡಿ: "ಕಂಪನಿಯ ನೀತಿಯಂತೆ, ಅದು ಕಾಲಕಾಲಕ್ಕೆ ಬದಲಾಗಬಹುದು." ರಜೆ, ಬೇಸ್ (ನಿಮ್ಮ ಡ್ಯೂಟಿ ಶುರುವಾಗುವ ಊರು), ಅಪ್‌ಗ್ರೇಡ್, ಸೀನಿಯಾರಿಟಿ, ಎಲ್ಲದರ ಪಕ್ಕದಲ್ಲೂ ಈ ಸಾಲು ಇದ್ದರೆ ಇವೆಲ್ಲವನ್ನೂ ನಿಮ್ಮ ಒಪ್ಪಿಗೆ ಇಲ್ಲದೆ ಬದಲಿಸಬಹುದು ಎಂದೇ ಅರ್ಥ. ಆ ನೀತಿಯ ಪುಸ್ತಕವನ್ನೂ ಕೇಳಿ ಓದಿ.

ಹಂತ 2: ಸಂಬಳವನ್ನು ಗಂಟೆಯಲ್ಲಿ ಓದಿ

ಪೈಲಟ್ ಸಂಬಳದಲ್ಲಿ ಮುಖ್ಯವಾಗಿ ಎರಡು ಭಾಗ. ಹಾರಿದರೂ ಹಾರದಿದ್ದರೂ ಸಿಗುವ ಖಾತ್ರಿ ಗಂಟೆಗಳ ಹಣ ಒಂದು. ಅದಕ್ಕೂ ಜಾಸ್ತಿ ಹಾರಿದರೆ ಗಂಟೆಗೆ ಇಷ್ಟು ಅಂತ ಸಿಗುವುದು ಇನ್ನೊಂದು. ಜಗಳ ಆಗುವುದೆಲ್ಲ ಖಾತ್ರಿ ಗಂಟೆಯ ಮೇಲೆ. 2023ರ ಏಪ್ರಿಲ್‌ನಲ್ಲಿ ಏರ್ ಇಂಡಿಯಾ ಹೊಸ ಸಂಬಳ ಪದ್ಧತಿ ತಂದಾಗ ಈ ಖಾತ್ರಿ 70 ಗಂಟೆಯಿಂದ 40ಕ್ಕೆ ಇಳಿಯಿತು. 2024ರಲ್ಲಿ ಏರ್ ಇಂಡಿಯಾ ಜೊತೆ ವಿಲೀನದ ಮುನ್ನ ವಿಸ್ತಾರಾ ಪೈಲಟ್‌ಗಳ ಮುಂದೆ ಬಂದ ಕರಾರಿನಲ್ಲೂ ಅದೇ 40 ಗಂಟೆ ಇತ್ತು.

ಇದರ ಅರ್ಥ ಏನು? ಉದಾಹರಣೆಗೆ ಗಂಟೆಗೆ ₹5,000 ಅಂತ ಇಟ್ಟುಕೊಳ್ಳಿ. 70 ಗಂಟೆ ಖಾತ್ರಿ ಇದ್ದರೆ ತಿಂಗಳಿಗೆ ₹3.5 ಲಕ್ಷ ನಿಶ್ಚಿತ. 40 ಗಂಟೆ ಇದ್ದರೆ ನಿಶ್ಚಿತ ₹2 ಲಕ್ಷ ಮಾತ್ರ. ಆ ತಿಂಗಳು 55 ಗಂಟೆ ಹಾರಿದರೂ ₹2.75 ಲಕ್ಷ. ಆಫರ್ ಲೆಟರ್‌ನಲ್ಲಿ ಕಾಣುವ ದೊಡ್ಡ ಮೊತ್ತ ತಿಂಗಳಿಗೆ ಎಷ್ಟು ಗಂಟೆ ಹಾರಿದರೆ ಬರುತ್ತದೆ ಅಂತ ಕೇಳಿ. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವ ಹಾಗಿಲ್ಲ ಅನ್ನುವುದು ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಇಟ್ಟ ಮಿತಿ. ಅಂದರೆ ಸರಾಸರಿ ತಿಂಗಳಿಗೆ 83. ಅದಕ್ಕಿಂತ ಜಾಸ್ತಿ ಗಂಟೆಯ ಲೆಕ್ಕದಲ್ಲಿ ಯಾರಾದರೂ ವರ್ಷದ ಸಂಬಳ ತೋರಿಸಿದರೆ ಆ ಕಾಗದ ಪಕ್ಕಕ್ಕಿಡಿ.

ಇಲ್ಲಿ ತುಂಬಾ ಜನ ನೋಡದೆ ಬಿಡುವ ವಿಷಯ ಒಂದಿದೆ. ಕಮಾಂಡ್ ಅಪ್‌ಗ್ರೇಡ್‌ಗೆ ಕೂತಾಗ, ಅಥವಾ ಹೊಸ ಮಾದರಿಯ ವಿಮಾನ ಕಲಿಯುವಾಗ, ನೀವು ತರಗತಿಯಲ್ಲಿ ಇರುತ್ತೀರಿ, ಸಿಮ್ಯುಲೇಟರ್‌ನಲ್ಲಿ ಇರುತ್ತೀರಿ. ಹಾರುವ ಗಂಟೆ ತಾನಾಗಿ ಕಡಿಮೆಯಾಗುತ್ತದೆ. ಖಾತ್ರಿ ಗಂಟೆ ಕಡಿಮೆ ಇದ್ದರೆ ಬಡ್ತಿಗೆ ತಯಾರಾಗುವ ತಿಂಗಳುಗಳಲ್ಲೇ ಕೈಗೆ ಬರುವ ಹಣ ಕುಸಿಯುತ್ತದೆ. ಸಾಲದ ಕಂತು ಮಾತ್ರ ಹಾಗೇ ಇರುತ್ತದೆ. "ತರಬೇತಿ ಅವಧಿಯಲ್ಲಿ ಸಂಬಳ ಹೇಗೆ?" ಅನ್ನುವುದನ್ನು ಪ್ರತ್ಯೇಕವಾಗಿ, ಬರಹದಲ್ಲಿ ಕೇಳಿ.

ಹಂತ 3: ಎಡ ಸೀಟಿನ ವರ್ಷ ಲೆಕ್ಕ ಹಾಕಿ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಸೀನಿಯಾರಿಟಿ ಅಂದರೆ ಸರದಿ. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಸೇರಿದ ದಿನದ ಸರದಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ: ಯಾವ ವಿಮಾನ, ಯಾವ ಊರು, ಯಾವಾಗ ಕ್ಯಾಪ್ಟನ್, ಕೆಲಸ ಕಡಿತವಾದರೆ ಮೊದಲು ಯಾರು ಹೊರಗೆ, ಎಲ್ಲ. ನಮ್ಮಲ್ಲಿ ಸರದಿಯ ಜೊತೆ ಹಾರಾಟದ ಗಂಟೆ, ಸಿಮ್ಯುಲೇಟರ್ ಫಲಿತಾಂಶ, ಸಂದರ್ಶನ, ಶಿಸ್ತಿನ ದಾಖಲೆ ಇವೆಲ್ಲವೂ ಸೇರುತ್ತವೆ. ಆದರೆ ಎರಡೂ ಕಡೆ ಒಂದು ಮಾತು ನಿಜ. ಕಂಪನಿ ಬದಲಿಸಿದರೆ ನಿಮ್ಮ ಸರದಿ ಕೊನೆಯಿಂದ ಶುರು. ಹಳೆ ಕಂಪನಿಯಲ್ಲಿ ಕಳೆದ ಆರು ವರ್ಷ ಗಂಟೆಯಾಗಿ ಜೊತೆಗೆ ಬರುತ್ತದೆ, ನಂಬರ್ ಆಗಿ ಬರುವುದಿಲ್ಲ.

ಲೆಕ್ಕ ಹೀಗೆ ಮಾಡಿ. ಹೊಸ ಕಂಪನಿಯಲ್ಲಿ ನಿಮ್ಮ ಮುಂದೆ 400 ಫಸ್ಟ್ ಆಫೀಸರ್‌ಗಳು ಇದ್ದಾರೆ ಅಂದುಕೊಳ್ಳಿ. ಎ320, ಬೋಯಿಂಗ್ 737 ತರಹದ ಒಂದು ವಿಮಾನಕ್ಕೆ ಸುಮಾರು 10ರಿಂದ 12 ಪೈಲಟ್ ಬೇಕು. ಅದರಲ್ಲಿ ಅರ್ಧ ಕ್ಯಾಪ್ಟನ್. ವರ್ಷಕ್ಕೆ 12 ಹೊಸ ವಿಮಾನ ಬಂದರೆ 60ರಿಂದ 72 ಕ್ಯಾಪ್ಟನ್ ಸೀಟು ಹುಟ್ಟುತ್ತದೆ. ನಿವೃತ್ತಿ, ರಾಜೀನಾಮೆಯಿಂದ ಇನ್ನೊಂದು 10 ಸೇರಿಸಿ. ಒಟ್ಟು ವರ್ಷಕ್ಕೆ 70ರಿಂದ 80. ನಿಮ್ಮ ಸರದಿ ಐದಾರು ವರ್ಷಕ್ಕೆ ಬರುತ್ತದೆ.

ಈಗ ಇದರಲ್ಲಿ ಕಳೆಯಬೇಕಾದವನ್ನು ಕಳೆಯಿರಿ. ಕಂಪನಿ ಹೊರಗಿನಿಂದ ನೇರವಾಗಿ ಕ್ಯಾಪ್ಟನ್‌ಗಳನ್ನು ತೆಗೆದುಕೊಳ್ಳುತ್ತದಾ? ವರ್ಷಕ್ಕೆ 20 ಜನ ಹಾಗೆ ಬಂದರೆ ನಿಮ್ಮ ಐದಾರು ವರ್ಷ ಏಳೆಂಟು ಆಗುತ್ತದೆ. ಪೈಲಟ್‌ಗಳ ಸಮೇತ ವಿಮಾನವನ್ನು ಬಾಡಿಗೆಗೆ ತರುತ್ತದಾ? ಆ ವಿಮಾನದ ಎಡ ಸೀಟು ನಿಮ್ಮದಲ್ಲ. ವಿಮಾನಗಳು ಹೇಳಿದ ಸಮಯಕ್ಕೆ ಬರುತ್ತವಾ? 12ರ ಬದಲು ಆರೇ ಬಂದರೆ ಲೆಕ್ಕ ಒಂಬತ್ತು ಹತ್ತು ವರ್ಷಕ್ಕೆ ಹೋಗುತ್ತದೆ. ಇಂಡಿಗೋ 2023ರ ಜೂನ್‌ನಲ್ಲಿ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು, ಏರ್ ಇಂಡಿಯಾ ಅದೇ ವರ್ಷ ಫೆಬ್ರವರಿಯಲ್ಲಿ 470ಕ್ಕೆ, ಆಕಾಸಾ 2024ರ ಜನವರಿಯಲ್ಲಿ 150ಕ್ಕೆ. ಕೇಳಲು ತುಂಬಾ ಖುಷಿಯಾಗುತ್ತದೆ. ಆದರೆ ಅವೆಲ್ಲ ಹಲವು ವರ್ಷಕ್ಕೆ ಹಂಚಿದ ಸಂಖ್ಯೆಗಳು. ನಿಮಗೆ ಬೇಕಾದದ್ದು ಮುಂದಿನ ಮೂರು ವರ್ಷದಲ್ಲಿ ಪ್ರತಿ ವರ್ಷ ಎಷ್ಟು ಬರುತ್ತವೆ, ಎಷ್ಟು ಹಳೆಯವು ವಾಪಸ್ ಹೋಗುತ್ತವೆ ಅನ್ನುವುದು.

ಈ ಲೆಕ್ಕವನ್ನು ಹಣಕ್ಕೆ ತಿರುಗಿಸಿ ನೋಡಿ. ಹೊಸ ಆಫರ್ ತಿಂಗಳಿಗೆ ₹40,000 ಜಾಸ್ತಿ ಕೊಡುತ್ತದೆ ಅಂದುಕೊಳ್ಳೋಣ. ಐದು ವರ್ಷಕ್ಕೆ ₹24 ಲಕ್ಷ. ಕ್ಯಾಪ್ಟನ್‌ಗೂ ಫಸ್ಟ್ ಆಫೀಸರ್‌ಗೂ ತಿಂಗಳಿಗೆ ₹3 ಲಕ್ಷ ವ್ಯತ್ಯಾಸ ಇದ್ದರೆ, ಕಮಾಂಡ್ ಎರಡು ವರ್ಷ ತಡವಾದ ನಷ್ಟ ₹72 ಲಕ್ಷ. ಇದಕ್ಕೇ ನಾನು ಸಂಬಳವನ್ನು ಆಮೇಲೆ ನೋಡಿ ಅನ್ನುವುದು.

ಸೀನಿಯಾರಿಟಿ ಷರತ್ತಿನಲ್ಲಿ ಮೂರು ಪ್ರಶ್ನೆ ಕೇಳಲೇಬೇಕು. ಸರದಿ ಯಾವ ದಿನದಿಂದ: ಸೇರಿದ ದಿನದಿಂದಲೋ, ಲೈನ್ ರಿಲೀಸ್ ಆದ ದಿನದಿಂದಲೋ? (ತರಬೇತಿ ಮುಗಿದು ಪ್ರಯಾಣಿಕರ ವಿಮಾನದಲ್ಲಿ ಮೇಲ್ವಿಚಾರಕರಿಲ್ಲದೆ ಹಾರಲು ಬಿಡುವ ದಿನವೇ ಲೈನ್ ರಿಲೀಸ್.) ಹೆರಿಗೆ ರಜೆ, ಕಾಯಿಲೆ, ಸಂಬಳವಿಲ್ಲದ ರಜೆ ತೆಗೆದುಕೊಂಡರೆ ನಂಬರ್ ಹಾಗೇ ಇರುತ್ತದಾ? ಅಪ್‌ಗ್ರೇಡ್‌ನಲ್ಲಿ ಒಮ್ಮೆ ಫೇಲಾದರೆ ಮತ್ತೆ ಅವಕಾಶ ಯಾವಾಗ? ಹೆಣ್ಣುಮಕ್ಕಳು ಎರಡನೇ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಕೇಳಿದ್ದಕ್ಕೇ ಮುಖ ಸಿಂಡರಿಸುವ ಕಂಪನಿಯಾದರೆ ಅದೂ ಒಂದು ಉತ್ತರವೇ.

ಎಡ ಸೀಟಿಗೆ ಎಟಿಪಿಎಲ್ ಲೈಸೆನ್ಸ್ (ಪೈಲಟ್ ಲೈಸೆನ್ಸ್‌ಗಳಲ್ಲಿ ಅತಿ ಮೇಲಿನದು) ಬೇಕು, ಅದಕ್ಕೆ ಕನಿಷ್ಠ 1500 ಗಂಟೆ ಹಾರಿರಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ಕಂಪನಿಗಳು ಅದರ ಮೇಲೆ ತಮ್ಮದೇ ಮಿತಿ ಇಡುತ್ತವೆ, ಬಹಳ ಸಲ ಅದೇ ಮಾದರಿಯ ವಿಮಾನದಲ್ಲಿ ಇಷ್ಟು ಗಂಟೆ ಅಂತ. ಎ320ಯಿಂದ 737ಕ್ಕೆ ಹೋದರೆ ಆ ಮಾದರಿಯ ಗಂಟೆ ಸೊನ್ನೆಯಿಂದ ಎಣಿಸಬೇಕಾಗಬಹುದು.

ಹಂತ 4: ದೊಡ್ಡ ವಿಮಾನದ ಆಸೆ

777, 787, ಎ350 ಅಂದರೆ ಯಾರಿಗೆ ಆಸೆ ಇಲ್ಲ? ಆದರೆ ದೂರದ ಹಾರಾಟದಲ್ಲಿ ಗಂಟೆ ಬೇಗ ಸೇರುತ್ತದೆ, ಟೇಕಾಫ್ ಲ್ಯಾಂಡಿಂಗ್ ಕಡಿಮೆ ಸಿಗುತ್ತವೆ. ದೊಡ್ಡ ವಿಮಾನಗಳ ಸಂಖ್ಯೆ ಕಡಿಮೆ, ಎಡ ಸೀಟಿನ ಸರದಿ ಉದ್ದ. ಬಲ ಸೀಟಿನಲ್ಲೇ ಹತ್ತು ವರ್ಷ ಕೂರಬೇಕಾಗಬಹುದು. ಚಿಕ್ಕ ವಿಮಾನದಲ್ಲಿ ಮೊದಲು ಕಮಾಂಡ್ ಪಡೆದು ಆಮೇಲೆ ದೊಡ್ಡದಕ್ಕೆ ಹೋಗುವುದು ಹೆಚ್ಚಿನವರಿಗೆ ಒಳ್ಳೆಯ ದಾರಿ ಅನ್ನುವುದು ನನ್ನ ಅಭಿಪ್ರಾಯ. ಎಟಿಆರ್, ಅಂದರೆ ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನದ ಆಫರ್ ಬಂದರೆ ಕೀಳಾಗಿ ನೋಡಬೇಡಿ. ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ದಿನಕ್ಕೆ ನಾಲ್ಕು ಸಲ ಇಳಿಸುವ ಅಭ್ಯಾಸ ಕೈಗೆ ಗಟ್ಟಿತನ ಕೊಡುತ್ತದೆ. ಅಲ್ಲಿ ಸರದಿಯೂ ಚಿಕ್ಕದಿರಬಹುದು. ಅದರಿಂದ ಜೆಟ್‌ಗೆ ಹೋಗಲು ಕರಾರು ಎಷ್ಟು ವರ್ಷ ತಡೆಯುತ್ತದೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ.

ಹಂತ 5: ಬಾಂಡ್ ಮತ್ತು ನೋಟಿಸ್ ಅವಧಿ

ಟೈಪ್ ರೇಟಿಂಗ್, ಅಂದರೆ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ, ಅದರ ಖರ್ಚನ್ನು ಕಂಪನಿ ಕೊಟ್ಟರೆ ಇಷ್ಟು ವರ್ಷ ಬಿಡುವಂತಿಲ್ಲ ಅಂತ ಬಾಂಡ್ ಬರೆಸಿಕೊಳ್ಳುತ್ತದೆ. "ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ ಬಿಡಿ" ಅಂತ ಹೇಳುವ ಸೀನಿಯರ್‌ಗಳ ಮಾತು ನಂಬಬೇಡಿ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವನ್ನೇ ನೋಡಿ. ಮೂರು ವರ್ಷದ ಮೊದಲು ಬಿಟ್ಟರೆ ₹2 ಲಕ್ಷ ಕೊಡಬೇಕು ಅನ್ನುವ ಷರತ್ತಿನ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ ಉದ್ಯೋಗಿಯ ಪರ ತೀರ್ಪು ಕೊಟ್ಟಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಷರತ್ತನ್ನು ಎತ್ತಿಹಿಡಿಯಿತು. ಬ್ಯಾಂಕಿಗೂ ಏರ್‌ಲೈನ್‌ಗೂ ವ್ಯತ್ಯಾಸ ಇದೆ, ನಿಜ. ಆದರೂ ಬಾಂಡ್ ಸುಮ್ನೆ ಒಂದು ಕಾಗದ ಅನ್ನುವ ಧೈರ್ಯ ಇನ್ನು ಬೇಡ.

ಬಾಂಡ್‌ನಲ್ಲಿ ನೋಡಬೇಕಾದದ್ದು: ಮೊತ್ತ ತರಬೇತಿಯ ನಿಜವಾದ ಖರ್ಚಿಗೆ ಹತ್ತಿರ ಇದೆಯಾ? ವರ್ಷ ಕಳೆದ ಹಾಗೆ ಕಡಿಮೆಯಾಗುತ್ತದಾ? ಕಮಾಂಡ್ ಅಪ್‌ಗ್ರೇಡ್ ಆದಾಗ ಹೊಸ ಬಾಂಡ್ ಬರೆಯಬೇಕಾ? ಕಂಪನಿಯೇ ನಿಮ್ಮನ್ನು ತೆಗೆದರೆ ಅದು ರದ್ದಾಗುತ್ತದಾ? ಅಪ್ಪ ಅಮ್ಮನನ್ನು ಜಾಮೀನು ನಿಲ್ಲಿಸಬೇಕಾದರೆ ವಕೀಲರಿಗೆ ತೋರಿಸದೆ ಸಹಿ ಹಾಕಿಸಬೇಡಿ.

ನೋಟಿಸ್ ಅವಧಿಗೆ ಡಿಜಿಸಿಎ ನಿಯಮ ಇದೆ. 2017ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ ಕ್ಯಾಪ್ಟನ್‌ಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗೆ ಆರು ತಿಂಗಳು. ಈಗಿನ ಕಂಪನಿ ಒಪ್ಪಿ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ಕೊಟ್ಟರೆ ಬೇಗ ಬಿಡಬಹುದು. 2023ರಲ್ಲಿ ಆಕಾಸಾದ 43 ಪೈಲಟ್‌ಗಳು ನೋಟಿಸ್ ಪೂರೈಸದೆ ಹೊರಟಾಗ ಕಂಪನಿ ಕೋರ್ಟಿಗೆ ಹೋಯಿತು. ಹೊಸ ಕಂಪನಿಯವರು "ನಾಳೆಯೇ ಬನ್ನಿ, ನಾವು ನೋಡಿಕೊಳ್ತೀವಿ" ಅಂದರೆ, ಏನನ್ನು ನೋಡಿಕೊಳ್ಳುತ್ತಾರೆ ಅಂತ ಬರಹದಲ್ಲಿ ಕೇಳಿ. ಕೇಸಿನಲ್ಲಿ ಹೆಸರು ಬರುವುದು ನಿಮ್ಮದು. ಇನ್ನೊಂದು: ಇವತ್ತು ಫಸ್ಟ್ ಆಫೀಸರ್ ಆಗಿ ಆರು ತಿಂಗಳಲ್ಲಿ ಬಿಡಬಹುದು. ಕ್ಯಾಪ್ಟನ್ ಆದ ದಿನದಿಂದ ಅದು ಒಂದು ವರ್ಷ. ಯಾವಾಗ ಕಂಪನಿ ಬದಲಿಸಬೇಕು ಅನ್ನುವ ಲೆಕ್ಕದಲ್ಲಿ ಇದೂ ಸೇರಬೇಕು.

ಹಂತ 6: ಹೆಸರಿಗೆ ಮಾತ್ರ ಬಡ್ತಿಯಾ?

2023ರ ಏರ್ ಇಂಡಿಯಾ ಕರಾರಿಗೆ ಪೈಲಟ್ ಸಂಘಗಳು ವಿರೋಧ ಮಾಡಿದ್ದು ಹಣಕ್ಕಾಗಿ ಮಾತ್ರ ಅಲ್ಲ. ಕ್ಯಾಪ್ಟನ್ ಆಗಿ ನಾಲ್ಕು ವರ್ಷ ಮುಗಿಸಿದವರನ್ನು ಸೀನಿಯರ್ ಕಮಾಂಡರ್ ಅಂತ ಕರೆದು ಆಡಳಿತ ವರ್ಗಕ್ಕೆ ಸೇರಿಸುವ ಷರತ್ತು ಅದರಲ್ಲಿತ್ತು. ಕೇಳಲು ಬಡ್ತಿ. ಆದರೆ ಆಡಳಿತ ವರ್ಗಕ್ಕೆ ಸೇರಿದವರು ಕಾರ್ಮಿಕ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರಾಗಿ ಉಳಿಯುವುದಿಲ್ಲ, ಸಂಘದ ರಕ್ಷಣೆಯೂ ತಪ್ಪುತ್ತದೆ ಅನ್ನುವುದು ಅವರ ಆತಂಕ. ನಿಮ್ಮ ಕರಾರಿನಲ್ಲಿ ಹುದ್ದೆಯ ಹೆಸರು ಬದಲಾಗುವ ಕಡೆಯೆಲ್ಲ ನಿಂತು, ಇದರಿಂದ ಏನು ಬರುತ್ತದೆ, ಏನು ಹೋಗುತ್ತದೆ ಅಂತ ಬರೆದುಕೊಳ್ಳಿ.

ಹಂತ 7: ಕಂಪನಿ ಉಳಿಯುತ್ತದಾ? ವಿಲೀನವಾದರೆ?

ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ಕಂಪನಿ ಮುಚ್ಚಿದ ದಿನ ಸೀನಿಯಾರಿಟಿ ಪಟ್ಟಿಯೂ ಮುಗಿಯಿತು. ಬಾಕಿ ಸಂಬಳಕ್ಕೆ ವರ್ಷಗಟ್ಟಲೆ ಅಲೆದವರು ಬೆಂಗಳೂರಿನಲ್ಲೇ ಇದ್ದಾರೆ. ಸಂಬಳ ಕಂತಿನಲ್ಲಿ ಬರುತ್ತಿದೆಯಾ, ಕತ್ತರಿಸಿದ ತೆರಿಗೆ ಮತ್ತು ಪಿಎಫ್ ನಿಜವಾಗಿ ಜಮೆಯಾಗುತ್ತಿದೆಯಾ ಅಂತ ಅಲ್ಲಿ ಕೆಲಸ ಮಾಡುವ ಇಬ್ಬರನ್ನಾದರೂ ಕೇಳಿ. ಬ್ಯಾಲೆನ್ಸ್ ಶೀಟ್ ಓದಲು ಬರದಿದ್ದರೂ ಇದು ಸಾಕಷ್ಟು ಹೇಳುತ್ತದೆ.

ವಿಲೀನ ಇನ್ನೊಂದು ತಲೆನೋವು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದವು. ಐದು ವರ್ಷದ ಮೇಲೂ ಪೈಲಟ್‌ಗಳ ಸರದಿಯ ಜಗಳ ಮುಗಿದಿರಲಿಲ್ಲ. ಹೊಸ 787 ವಿಮಾನದ ತರಬೇತಿ ಯಾರಿಗೆ ಅನ್ನುವುದೇ ದೊಡ್ಡ ಕಾರಣವಾಗಿ 2012ರಲ್ಲಿ 58 ದಿನ ಮುಷ್ಕರ ನಡೆಯಿತು. 2024ರ ಅಕ್ಟೋಬರ್ 1ರಂದು ಬೆಂಗಳೂರು ಮೂಲದ ಎಐಎಕ್ಸ್ ಕನೆಕ್ಟ್ (ಹಿಂದಿನ ಏರ್‌ಏಷ್ಯಾ ಇಂಡಿಯಾ) ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ, ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾ ಜೊತೆ ಸೇರಿದವು. ವಿಲೀನವಾದರೆ ಎರಡು ಪಟ್ಟಿಗಳನ್ನು ಹೇಗೆ ಹೊಲಿಯುತ್ತಾರೆ ಅನ್ನುವುದು ಕರಾರಿನಲ್ಲಿ ಇದ್ದರೆ ಪುಣ್ಯ. ಇಲ್ಲದಿದ್ದರೆ ಕೇಳಿ.

ಹಂತ 8: ಈಗಿನ ಕಂಪನಿಯೇ ಹೊಸ ಕರಾರು ಮುಂದಿಟ್ಟರೆ

ಇದು ಅತಿ ಕಷ್ಟದ ಸಂದರ್ಭ. "ಇಂಥ ದಿನದೊಳಗೆ ಸಹಿ ಹಾಕಿ, ಇಲ್ಲದಿದ್ದರೆ ಅಪ್‌ಗ್ರೇಡ್ ಪಟ್ಟಿಯಲ್ಲಿ ಹೆಸರಿರಲ್ಲ" ಅಂದಾಗ ಕೈ ನಡುಗುತ್ತದೆ. ನನಗೂ ಒಮ್ಮೆ ಹೀಗಾಗಿತ್ತು, ಓದದೆ ಸಹಿ ಹಾಕಿದ್ದೆ. ಬೇಸ್ ಬದಲಿಸುವ ಹಕ್ಕು ಕಂಪನಿಗೆ ಹೋಗಿದೆ ಅಂತ ತಿಳಿದಾಗ ತಡವಾಗಿತ್ತು. ಅದಕ್ಕೇ ಹೇಳುತ್ತೇನೆ: ಒಂದು ರಾತ್ರಿ ತೆಗೆದುಕೊಳ್ಳಿ. ಹಳೆಯ ಮತ್ತು ಹೊಸ ಕರಾರನ್ನು ಅಕ್ಕಪಕ್ಕ ಇಟ್ಟು, ಬದಲಾದ ಸಾಲುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ. ಸಹಿ ಹಾಕದಿದ್ದರೆ ಏನಾಗುತ್ತದೆ ಅಂತ ಇಮೇಲ್‌ನಲ್ಲಿ ಕೇಳಿ, ಬಾಯಿಮಾತಿನ ಉತ್ತರ ಬೇಡ. ಒಬ್ಬರೇ ಕೇಳುವುದಕ್ಕಿಂತ ಹತ್ತು ಜನ ಸೇರಿ ಕೇಳಿ. ಕಾಯಿಲೆ ಅಂತ ಸುಳ್ಳು ಹೇಳಿ ಡ್ಯೂಟಿ ತಪ್ಪಿಸುವ ದಾರಿ ಬೇಡ. ಶಿಸ್ತಿನ ದಾಖಲೆಗೆ ಸೇರಿದರೆ ಅಪ್‌ಗ್ರೇಡ್ ಸಂದರ್ಶನದಲ್ಲಿ ಅದೇ ಕಾಗದ ಮೇಜಿನ ಮೇಲೆ ಇರುತ್ತದೆ.

ಹಂತ 9: ಕೊಲ್ಲಿಯ ಆಫರ್

ದುಬೈ, ದೋಹಾ, ಅಬುಧಾಬಿಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಆಫರ್‌ನಲ್ಲಿ ಮನೆ, ಮಕ್ಕಳ ಶಾಲೆ ಸೇರಿರಬಹುದು. ಭಾರತದಲ್ಲಿ ತೆರಿಗೆ ಹೇಗೆ ಅನ್ನುವುದು ವರ್ಷಕ್ಕೆ 182 ದಿನದ ಲೆಕ್ಕ ಮತ್ತು ಇತರ ಷರತ್ತುಗಳ ಮೇಲೆ ನಿಂತಿದೆ, ಸಿಎ ಹತ್ತಿರ ಮೊದಲೇ ಕೇಳಿ. ಅಲ್ಲಿ ವಾಸದ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಕೆಲಸ ಹೋದರೆ ಊರೂ ಬಿಡಬೇಕು. ಕೋವಿಡ್ ಬಂದ 2020ರಲ್ಲಿ ತುಂಬಾ ಜನ ಹಾಗೆ ವಾಪಸ್ ಬಂದರು. ಹಾಗಾಗಿ ಭಾರತೀಯ ಲೈಸೆನ್ಸ್ ಜೀವಂತವಾಗಿಡಿ. ಅಲ್ಲಿ ಫಸ್ಟ್ ಆಫೀಸರ್ ಆಗಿಯೇ ಎಂಟು ವರ್ಷ ಕಳೆದು ಬಂದರೆ ಇಲ್ಲಿ ಮತ್ತೆ ಕೊನೆಯ ನಂಬರ್. ಕ್ಯಾಪ್ಟನ್ ಆಗಿ ಬಂದರೆ ನೇರ ಕ್ಯಾಪ್ಟನ್ ಹುದ್ದೆ ಕೇಳಬಹುದು. ಆದ್ದರಿಂದ ಅಲ್ಲಿಯ ಎಡ ಸೀಟಿನ ವರ್ಷವನ್ನೂ ಹಂತ 3ರ ಹಾಗೇ ಲೆಕ್ಕ ಹಾಕಿ.

ಹಂತ 10: ಮಾತುಕತೆ ಮತ್ತು ಸಹಿ

ಸಂಬಳದ ಪಟ್ಟಿ ಎಲ್ಲರಿಗೂ ಒಂದೇ, ಅದನ್ನು ಎಳೆದಾಡಿ ಸಾಮಾನ್ಯವಾಗಿ ಪ್ರಯೋಜನ ಇಲ್ಲ. ಸೇರುವ ದಿನಾಂಕ, ಬೇಸ್, ಬಾಂಡ್ ಮೊತ್ತ, ನೋಟಿಸ್ ಹಣ ಯಾರು ಕೊಡುತ್ತಾರೆ, ಇವುಗಳಲ್ಲಿ ಬಗ್ಗುತ್ತಾರೆ. ಕೇಳಲು ಇದು ಒಳ್ಳೆಯ ಕಾಲ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದ ನಿಯಮ 2025ರಲ್ಲಿ ಜಾರಿಗೆ ಬಂತು. ಆ ವರ್ಷ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಬೇಕಾಗಿ ಬಂದಾಗ, ಪೈಲಟ್‌ಗಳ ಸಂಖ್ಯೆ ಎಷ್ಟು ಬಿಗಿಯಾಗಿದೆ ಅನ್ನುವುದು ಎಲ್ಲರಿಗೂ ಕಂಡಿತು.

ಬೆಂಗಳೂರು ಬೇಸ್ ಅಂತ ಬಾಯಲ್ಲಿ ಹೇಳಿದರೆ ಸಾಲದು, ಎಷ್ಟು ತಿಂಗಳು ಅನ್ನುವುದು ಕಾಗದದಲ್ಲಿ ಬರಬೇಕು.

ರಾಜೀನಾಮೆ ಕೊಟ್ಟ ಮೇಲೆ ನೋಟಿಸ್ ಅವಧಿಯಲ್ಲಿ ರೋಸ್ಟರ್‌ನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಬಂದಷ್ಟನ್ನೂ ಹಾರಿಸಿ. 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಇಲ್ಲದಿದ್ದರೆ ಹೊಸ ಕಡೆ ಮತ್ತೆ ಸಿಮ್ಯುಲೇಟರ್‌ಗೆ ಕೂರಬೇಕಾಗುತ್ತದೆ. ಪ್ರಾವೀಣ್ಯ ಪರೀಕ್ಷೆಯ ಮಾನ್ಯತೆ ನೋಟಿಸ್ ಅವಧಿಯ ನಡುವೆ ಮುಗಿಯುತ್ತದಾ ನೋಡಿ, ಮುಗಿಯುವುದಾದರೆ ಆ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಿ. ಲಾಗ್‌ಬುಕ್‌ಗೆ ಹಳೆ ಕಂಪನಿಯ ದೃಢೀಕರಣ ಹೊರಡುವ ಮುಂಚೆಯೇ ತೆಗೆದುಕೊಳ್ಳಿ, ಬಿಟ್ಟ ಮೇಲೆ ಫೋನ್ ಎತ್ತುವವರು ಇರುವುದಿಲ್ಲ.

ಹೊಸ ಕಂಪನಿ ಎರಡು ಬ್ಯಾಚ್‌ಗಳ ದಿನಾಂಕ ಕೊಟ್ಟರೆ, ನೋಟಿಸ್ ಮುಗಿಯುವ ಹಾಗಿದ್ದರೆ, ಮೊದಲ ಬ್ಯಾಚ್‌ಗೇ ಸೇರಿ. ಮಧ್ಯೆ ಊರಿಗೆ ಹೋಗಿ ಹದಿನೈದು ದಿನ ಇದ್ದು ಬರುವ ಆಸೆ ಸಹಜ. ಆದರೆ ಆ ಹದಿನೈದು ದಿನದಲ್ಲಿ ನಿಮ್ಮ ಮುಂದೆ ನಲವತ್ತು ಜನ ಸೇರಿಬಿಡಬಹುದು. ಸೇರಿದ ವಾರದಲ್ಲೇ ನಿಮ್ಮ ಸೀನಿಯಾರಿಟಿ ನಂಬರ್ ಕೇಳಿ ಇಮೇಲ್‌ನಲ್ಲಿ ತರಿಸಿಕೊಂಡು, ಕರಾರಿನ ಪ್ರತಿಯ ಜೊತೆ ಮನೆಯಲ್ಲಿ ಇಡಿ.